ನೋಟದ ಗೆರೆ ಮತ್ತು ನಳಿಗೆಯ ಗೆರೆ: ರಿವಾಲ್ವರಿಗೆ ದೃಕ್‌ಸಾಧನವನ್ನು ಜೋಡಿಸಿದ ಚರಿತ್ರೆ

1

ದ್ರೌಪದೀ ಸ್ವಯಂವರದ ಮತ್ಸ್ಯಯಂತ್ರದ ಕಥೆಯನ್ನು ನಮ್ಮ ನಾಡಿನಲ್ಲಿ ಕೇಳದವರು ವಿರಳ. ಜನರ ಬಾಯಲ್ಲಿ ಉಳಿದಿರುವ ರೂಪದಲ್ಲಿ ಅರ್ಜುನನ ಕಣ್ಣು ಕೆಳಗಿನ ನೀರಿನಲ್ಲಿದೆ, ಅವನ ಬಾಣ ಮೇಲಿನ ಮೀನಿನತ್ತ ಹೊರಟಿದೆ. ನೋಡುವ ದಿಕ್ಕು ಒಂದು, ಬಾಣ ಹೋಗುವ ದಿಕ್ಕು ಇನ್ನೊಂದು. ಈ ಎರಡು ದಿಕ್ಕುಗಳನ್ನು ಒಂದೇ ಬಿಂದುವಿನಲ್ಲಿ ಕೂಡಿಸುವುದೇ ಅಲ್ಲಿನ ಪರೀಕ್ಷೆ. ಬಿಲ್ಲುಗಾರನ ಪಾಲಿಗೆ ಇದು ಅಸಾಮಾನ್ಯ ಪರೀಕ್ಷೆಯಾಗಿರಬಹುದು. ಆದರೆ ಕೋವಿಯನ್ನು ಹಿಡಿದವನಿಗೆ ಇದು ಪ್ರತಿಯೊಂದು ಗುಂಡಿನಲ್ಲಿಯೂ ಎದುರಾಗುವ ಸಮಸ್ಯೆ. ಏಕೆಂದರೆ ಅವನ ಕಣ್ಣು ನಳಿಗೆಯ ಒಳಗಿನಿಂದ ನೋಡಲಾರದು. ಅದು ಯಾವಾಗಲೂ ನಳಿಗೆಯ ಮೇಲಿನಿಂದ ನೋಡುತ್ತದೆ.

ಈ ಸಮಸ್ಯೆಯು ರಿವಾಲ್ವರ್ ಎಂಬ ಒಂದೇ ಆಯುಧದಲ್ಲಿ ಹೇಗೆ ಕಾಣಿಸಿಕೊಂಡಿತು, ಅದಕ್ಕೆ ಗಾಜಿನ ಸಾಧನವನ್ನು ಜೋಡಿಸಿ ಪರಿಹಾರವನ್ನು ಕಂಡುಕೊಳ್ಳಲು ಏಕೆ ಅಷ್ಟು ದೀರ್ಘಕಾಲ ಹಿಡಿಯಿತು ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇಂಗ್ಲಿಷಿನಲ್ಲಿ ಸೈಟ್ ಎಂದು ಕರೆಯುವ ಸಾಧನವನ್ನು ಇಲ್ಲಿ ಲಕ್ಷ್ಯದರ್ಶಕವೆಂದೂ, ಅದನ್ನು ಗುಂಡು ಬೀಳುವ ಸ್ಥಾನಕ್ಕೆ ಹೊಂದಿಸುವ ಕ್ರಿಯೆಯನ್ನು ಶೂನ್ಯನಿರ್ಣಯವೆಂದೂ ಕರೆಯಲಾಗಿದೆ. ಇಂತಹ ಸಾಧನಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮಸೂರಗಳ ಚರಿತ್ರೆಯನ್ನು ಬರೆಯುತ್ತಾರೆ. ಈ ಲೇಖಕನ ಅಭಿಪ್ರಾಯದಲ್ಲಿ ಅದು ಅರ್ಧ ಚರಿತ್ರೆ ಮಾತ್ರ. ಗಾಜು ಬಹಳ ಮೊದಲೇ ಸಿದ್ಧವಾಗಿತ್ತು. ಅದನ್ನು ನೆಗೆಯುವ ಕಬ್ಬಿಣದ ಮೇಲೆ ಅಲುಗದಂತೆ ನಿಲ್ಲಿಸುವ ವಿದ್ಯೆ, ನಿಂತ ಮೇಲೆ ಅದು ತೋರಿಸುವುದನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ಅಳೆಯುವ ವಿವೇಕ, ಇವೆರಡೂ ತಡವಾಗಿ ಬಂದವು.

2

ಸ್ಯಾಮ್ಯುಯಲ್ ಕೋಲ್ಟನು ತಿರುಗುವ ಉರುಳೆಯ ಪಿಸ್ತೂಲಿಗೆ ಅಮೆರಿಕದಲ್ಲಿ ಹಕ್ಕುಪತ್ರವನ್ನು ಪಡೆದದ್ದು 1836ರಲ್ಲಿ. ಅವನ ಮೊದಮೊದಲ ರಿವಾಲ್ವರುಗಳಲ್ಲಿ, ಪ್ರಸಿದ್ಧವಾದ 1851ರ ನೌಕಾ ಮಾದರಿಯಲ್ಲಿಯೂ ಸಹ, ಮುಂದಿನ ಗುರುತು ನಳಿಗೆಯ ತುದಿಯಲ್ಲಿ ಒಂದು ಸಣ್ಣ ಮೊಳೆಯಂತೆ ಇರುತ್ತಿತ್ತು. ಹಿಂದಿನ ಗುರುತಾದರೋ ಕುದುರೆಯ ಮೂತಿಯಲ್ಲಿ ಕೊರೆದ ಒಂದು ಕಚ್ಚು. ಕುದುರೆಯನ್ನು ಹಿಂದಕ್ಕೆಳೆದಾಗ ಮಾತ್ರ ಅದು ಕಣ್ಣಿಗೆ ಬೀಳುತ್ತಿತ್ತು. ಟ್ರಿಗರನ್ನು ಒತ್ತಿದ ಕ್ಷಣದಲ್ಲಿ ಕುದುರೆಯೊಡನೆ ಅದೂ ಕೆಳಗೆ ಬೀಳುತ್ತಿತ್ತು. ಗುರಿಯನ್ನು ತೋರಿಸುವ ವಸ್ತುವೇ ಚಲಿಸುವ ಭಾಗದ ಮೇಲೆ ಇತ್ತೆಂಬುದರಿಂದ, ನಿಖರತೆಯ ವಿಷಯದಲ್ಲಿ ಆ ಕಾಲದ ನಿರೀಕ್ಷೆ ಎಷ್ಟಿತ್ತೆಂಬುದನ್ನು ಊಹಿಸಬಹುದು.

1873ರ ಕೋಲ್ಟ್ ಮಾದರಿಯಲ್ಲಿ ಉರುಳೆಯ ಮೇಲೆ ಕಬ್ಬಿಣದ ಪಟ್ಟಿ ಬಂದಿತು. ಆ ಪಟ್ಟಿಯಲ್ಲಿ ತೋಡಿದ ಕಾಲುವೆಯೇ ಹಿಂದಿನ ಗುರುತಾಯಿತು. ಇದು ಅಲುಗದ ಗುರುತೇನೋ ಹೌದು. ಆದರೆ ತಿದ್ದಲು ಬಾರದ ಗುರುತೂ ಹೌದು. ಗುಂಡು ಕೆಳಗೆ ಬೀಳುತ್ತಿದ್ದರೆ ಮುಂದಿನ ಗುರುತನ್ನು ಅರದಿಂದ ಉಜ್ಜಿ ತಗ್ಗಿಸಬೇಕು. ಪಕ್ಕಕ್ಕೆ ಬೀಳುತ್ತಿದ್ದರೆ ಅದನ್ನು ಬಗ್ಗಿಸಬೇಕು. ಉಜ್ಜಿದ ಕಬ್ಬಿಣವನ್ನು ಮರಳಿ ಬೆಳೆಸಲಾಗದು. ಸ್ಪರ್ಧೆಗಳಿಗಾಗಿ ತಿರುಪಿನಿಂದ ಸರಿಸಬಹುದಾದ ಗುರುತುಗಳು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬಂದಿದ್ದವು. ಸ್ಮಿತ್ ಅಂಡ್ ವೆಸನ್ ಸಂಸ್ಥೆಯು 1940ರಲ್ಲಿ ‘ಟಿಕ್’ ಎಂದು ಸದ್ದು ಮಾಡುತ್ತ ಅಳತೆಯ ಹೆಜ್ಜೆಗಳಲ್ಲಿ ಸರಿಯುವ ಹಿಂಗುರುತನ್ನು ಹೊರತಂದಿತು. ಅಲ್ಲಿಂದ ಮುಂದೆ ತಿದ್ದುಪಡಿಯನ್ನು ಎಣಿಸಬಹುದಾಯಿತು. ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲೂಬಹುದಾಯಿತು.

ಆದರೂ ಎರಡು ಗುರುತುಗಳ ಪದ್ಧತಿಯಲ್ಲಿ ಮೂಲಭೂತವಾದ ಒಂದು ದೌರ್ಬಲ್ಯವಿದೆ. ರಿವಾಲ್ವರಿನ ಹಿಂದಿನ ಮತ್ತು ಮುಂದಿನ ಗುರುತುಗಳ ನಡುವೆ 15 ಸೆಂಟಿಮೀಟರು ಅಂತರವಿದೆಯೆಂದು ಭಾವಿಸೋಣ. ಅವುಗಳ ಹೊಂದಾಣಿಕೆಯಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ತಪ್ಪಾದರೂ, 25 ಮೀಟರಿನಾಚೆ ಗುಂಡು ಸುಮಾರು 17 ಮಿಲಿಮೀಟರು ಸರಿದು ಬೀಳುತ್ತದೆ. ಮಿಗಿಲಾಗಿ, ಹಿಂಗುರುತು, ಮುಂಗುರುತು, ಗುರಿಹಲಗೆ ಈ ಮೂರೂ ಬೇರೆ ಬೇರೆ ದೂರದಲ್ಲಿವೆ. ಮನುಷ್ಯನ ಕಣ್ಣು ಏಕಕಾಲದಲ್ಲಿ ಒಂದನ್ನು ಮಾತ್ರ ಸ್ಪಷ್ಟವಾಗಿ ಕಾಣಬಲ್ಲುದು. ವಯಸ್ಸು ನಲವತ್ತು ದಾಟಿದ ಮೇಲೆ ಈ ತೊಡಕು ಹೆಚ್ಚುತ್ತದೆಂಬುದನ್ನು ಓದುವ ಕನ್ನಡಕವನ್ನು ಕೊಂಡವರೆಲ್ಲರೂ ಬಲ್ಲರು.

3

ಈ ದೌರ್ಬಲ್ಯಕ್ಕೆ ಔಷಧವು ರಿವಾಲ್ವರು ಹುಟ್ಟುವುದಕ್ಕೆ ಸುಮಾರು ಇನ್ನೂರು ವರ್ಷಗಳ ಮೊದಲೇ ಸಿದ್ಧವಾಗಿತ್ತು. ಎರಡು ಪೀನಮಸೂರಗಳ ದೂರದರ್ಶಕವನ್ನು ಕೆಪ್ಲರನು 1611ರಲ್ಲಿ ವಿವರಿಸಿದನು. ಇಂಗ್ಲೆಂಡಿನ ವಿಲಿಯಂ ಗ್ಯಾಸ್ಕಾಯ್ನ್ ಎಂಬ ಯುವಕನು ಸುಮಾರು 1640ರಲ್ಲಿ, ಅಂತಹ ದೂರದರ್ಶಕದ ಒಳಗೆ ಮಸೂರದ ನಾಭಿಯಲ್ಲಿ ಒಂದು ಎಳೆಯನ್ನಿಟ್ಟರೆ ಅದು ದೂರದ ನಕ್ಷತ್ರದೊಡನೆ ಒಂದೇ ಸ್ಪಷ್ಟತೆಯಲ್ಲಿ ಕಾಣುವುದೆಂಬುದನ್ನು ಕಂಡುಕೊಂಡನು. ನಾಭಿಯಲ್ಲಿ ಜೇಡನ ಎಳೆಯೊಂದು ಇದ್ದುದೇ ಅವನಿಗೆ ಈ ದಾರಿಯನ್ನು ತೋರಿಸಿತೆಂದು ಹೇಳುತ್ತಾರೆ. ಗುರುತು ಮತ್ತು ಗುರಿ ಎರಡೂ ಒಂದೇ ಸಮತಲದಲ್ಲಿ ಕಾಣುವುದಾದರೆ ಕಣ್ಣಿನ ತೊಡಕು ಅಲ್ಲಿಗೆ ನಿವಾರಣೆಯಾಯಿತು. ಗ್ಯಾಸ್ಕಾಯ್ನನು 1644ರಲ್ಲಿ ಮಾರ್ಸ್ಟನ್ ಮೂರಿನ ಯುದ್ಧದಲ್ಲಿ ಮಡಿದನು. ಅವನ ಎಳೆ ಖಗೋಳಶಾಸ್ತ್ರಜ್ಞರ ಕೈಯಲ್ಲಿ ಉಳಿಯಿತು.

ಅದು ಕೋವಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1840ರ ದಶಕದಲ್ಲಿ ಅಮೆರಿಕದ ಜಾನ್ ಚಾಪ್‌ಮನ್ ಮತ್ತು ಮಾರ್ಗನ್ ಜೇಮ್ಸ್ ಎಂಬವರ ಕೆಲಸದಿಂದ ದೂರದರ್ಶಕವನ್ನು ಹೊತ್ತ ರೈಫಲುಗಳು ಪ್ರಚಾರಕ್ಕೆ ಬಂದವು. 1855ರಿಂದ ಸಿರಾಕ್ಯೂಸ್ ನಗರದ ವಿಲಿಯಂ ಮಾಲ್ಕಮ್ ಉತ್ತಮ ಮಸೂರಗಳಿಂದ ಅವನ್ನು ತಯಾರಿಸಿದನು. ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಸೈನ್ಯದಲ್ಲಿ ಸೇವೆ ಸಲ್ಲಿಸಿದ ಡೇವಿಡ್ ಡೇವಿಡ್ಸನ್ ಎಂಬ ಅಧಿಕಾರಿಯ ದೂರದರ್ಶಕವು ಬ್ರಿಟನ್ನಿನ ವಿಟ್‌ವರ್ತ್ ರೈಫಲಿನ ಎಡಮಗ್ಗುಲಿಗೆ ಜೋಡಣೆಗೊಂಡು ಅಮೆರಿಕದ ಅಂತರ್ಯುದ್ಧದಲ್ಲಿ (1861–65) ಬಳಕೆಯಾಯಿತು.

ಹೀಗೆ ರೈಫಲಿಗೆ ದೂರದರ್ಶಕ ಒದಗಿದ ಕಾಲದಲ್ಲಿಯೇ ರಿವಾಲ್ವರೂ ಬೆಳೆಯುತ್ತಿತ್ತು. ಆದರೂ ಇವೆರಡೂ ಕೂಡಿ ಸಾಮಾನ್ಯ ಬಳಕೆಗೆ ಬರಲು ಇನ್ನೂ ಒಂದು ಶತಮಾನ ಬೇಕಾಯಿತು. ಇದಕ್ಕೆ ಕಾರಣಗಳು ನಾಲ್ಕು.

ಮೊದಲನೆಯದು ಕಣ್ಣಿನ ದೂರ. ರೈಫಲಿನ ದೂರದರ್ಶಕವು ಕಣ್ಣಿನಿಂದ ಎಂಟು ಹತ್ತು ಸೆಂಟಿಮೀಟರು ದೂರದಲ್ಲಿದ್ದರೆ ಸಾಕು. ರಿವಾಲ್ವರನ್ನು ತೋಳು ಚಾಚಿ ಹಿಡಿಯಬೇಕು. ಸಾಧನವು ಕಣ್ಣಿನಿಂದ ಅರ್ಧ ಮೀಟರು ಆಚೆ ಇರುತ್ತದೆ. ಅಷ್ಟು ದೂರದಿಂದ ಪೂರ್ಣ ಬಿಂಬವನ್ನು ಕಾಣಿಸುವ ಮಸೂರವ್ಯವಸ್ಥೆಯನ್ನು ಪ್ರತ್ಯೇಕವಾಗಿ ರಚಿಸಬೇಕು. ರಚಿಸಿದರೂ ದೃಷ್ಟಿಕ್ಷೇತ್ರ ಕಿರಿದಾಗುತ್ತದೆ. ದೊಡ್ಡದಾಗಿ ತೋರಿಸಿದಷ್ಟೂ ಕೈಯ ನಡುಕವೂ ದೊಡ್ಡದಾಗಿ ಕಾಣುತ್ತದೆ.

ಎರಡನೆಯದು ಹಿನ್ನೊದೆತ. ಸ್ಮಿತ್ ಅಂಡ್ ವೆಸನ್ನಿನ .44 ಮ್ಯಾಗ್ನಂ ರಿವಾಲ್ವರು 1955–56ರಲ್ಲಿ ಹೊರಬಂದ ಮೇಲೆ ರಿವಾಲ್ವರಿನಿಂದ ದೊಡ್ಡ ಮೃಗಗಳನ್ನು ಬೇಟೆಯಾಡುವ ಹವ್ಯಾಸ ಅಮೆರಿಕದಲ್ಲಿ ಬೆಳೆಯಿತು. ಗಾಜಿನ ಅಗತ್ಯವೂ ಹೆಚ್ಚಿತು. ಆದರೆ ಅದೇ ತೋಟಾದ ಒದೆತವು ತಿರುಪುಗಳನ್ನು ಸಡಿಲಿಸುವ, ಎಳೆಗಳನ್ನು ಕಡಿಯುವ ಶಕ್ತಿಯನ್ನೂ ಪಡೆದಿತ್ತು. ಅಗತ್ಯವನ್ನು ಹುಟ್ಟಿಸಿದ ಕಾರಣವೇ ಅಡ್ಡಿಯನ್ನೂ ಹುಟ್ಟಿಸಿತು.

ಮೂರನೆಯದು ಸ್ಥಳಾಭಾವ. ಉರುಳೆಯ ಮೇಲಿನ ಪಟ್ಟಿ ತೆಳುವಾದುದು. ಅದರಲ್ಲಿ ಆಳವಾದ ತಿರುಪುಗಳಿಗೆ ಎಡೆಯಿಲ್ಲ.

ನಾಲ್ಕನೆಯದು ರಿವಾಲ್ವರಿಗೇ ವಿಶಿಷ್ಟವಾದುದು. ಉರುಳೆ ತಿರುಗಬೇಕಾದರೆ ಅದಕ್ಕೂ ನಳಿಗೆಗೂ ನಡುವೆ ಕೂದಲೆಳೆಯಷ್ಟು, ಎಂದರೆ ಸುಮಾರು 0.1ರಿಂದ 0.2 ಮಿಲಿಮೀಟರಿನಷ್ಟು, ಬಿರುಕು ಇರಲೇಬೇಕು. ಪ್ರತಿ ಗುಂಡಿನಲ್ಲಿಯೂ ಅಲ್ಲಿಂದ ಬಿಸಿ ಅನಿಲ, ಮಸಿ, ಸೀಸದ ಕಣಗಳು ಸಿಡಿಯುತ್ತವೆ. ಗಾಜು ಅದರ ಸಮೀಪದಲ್ಲಿದ್ದರೆ ಕ್ರಮೇಣ ಮಸುಕಾಗುತ್ತದೆ.

4

ಮೊದಲನೆಯ ಅಡ್ಡಿಗೆ ಉತ್ತರವು ಖಗೋಳಶಾಸ್ತ್ರದ ಕಡೆಯಿಂದಲೇ ಬಂದಿತು. ಡಬ್ಲಿನ್ ನಗರದ ಹೋವರ್ಡ್ ಗ್ರಬ್ (1844–1931) ದೊಡ್ಡ ದೂರದರ್ಶಕಗಳನ್ನು ನಿರ್ಮಿಸುತ್ತಿದ್ದ ಮನೆತನದವನು. ಪುಣೆಯ ಮಹಾರಾಜಾ ತಖ್ತಸಿಂಗಜೀ ವೀಕ್ಷಣಾಲಯಕ್ಕೆ ಬಂದು, 1912ರಲ್ಲಿ ಕೊಡೈಕನಾಲಿಗೆ ಸಾಗಿದ 20 ಅಂಗುಲದ ದೂರದರ್ಶಕವು ಅವನ ಕಾರ್ಯಾಗಾರದ್ದೇ. ಆ ಕೊಡೈಕನಾಲ್ ವೀಕ್ಷಣಾಲಯದಿಂದ ಬೆಳೆದ ಭಾರತೀಯ ಖಭೌತ ಸಂಸ್ಥೆಯು ಈಗ ಬೆಂಗಳೂರಿನಲ್ಲಿ ಕೇಂದ್ರವನ್ನು ಹೊಂದಿದೆಯಾದ್ದರಿಂದ ಗ್ರಬ್ಬನ ಹೆಸರು ನಮಗೆ ತೀರ ಪರಕೀಯವಲ್ಲ.

1900ರಲ್ಲಿ ಗ್ರಬ್ಬನು ಒಂದು ಹೊಸ ಲಕ್ಷ್ಯದರ್ಶಕಕ್ಕೆ ಹಕ್ಕುಪತ್ರವನ್ನು ಪಡೆದನು. ಅದರ ತತ್ತ್ವ ಸರಳವಾದುದು. ಬೆಳಕು ಬಿದ್ದ ಒಂದು ಗುರುತನ್ನು ಮಸೂರದ ನಾಭಿಯಲ್ಲಿಟ್ಟರೆ ಅದರಿಂದ ಹೊರಟ ಕಿರಣಗಳು ಮಸೂರವನ್ನು ದಾಟಿ ಸಮಾಂತರವಾಗುತ್ತವೆ. ಓರೆಯಾಗಿ ನಿಲ್ಲಿಸಿದ ಗಾಜಿನಿಂದ ಅವನ್ನು ಕಣ್ಣಿನತ್ತ ಪ್ರತಿಫಲಿಸಿದರೆ, ಗುರುತು ಬಹುದೂರದಲ್ಲಿ, ಗುರಿಯ ಮೇಲೆಯೇ ತೇಲುತ್ತಿರುವಂತೆ ಕಾಣುತ್ತದೆ. ಕಣ್ಣನ್ನು ಒಂದೇ ನಿಯತ ಸ್ಥಾನದಲ್ಲಿಡುವ ಅಗತ್ಯ ಇಲ್ಲಿಲ್ಲ. ತಲೆ ತುಸು ಅತ್ತಿತ್ತ ಸರಿದರೂ ಗುರುತು ಗುರಿಯನ್ನು ಬಿಡದು. ಕಣ್ಣು ಹತ್ತು ಅಂಗುಲ ದೂರವಿರಲಿ, ಎರಡು ಅಡಿ ದೂರವಿರಲಿ, ವ್ಯತ್ಯಾಸವಿಲ್ಲ. ತೋಳು ಚಾಚಿ ಹಿಡಿಯುವ ಆಯುಧಕ್ಕೆ ಇದಕ್ಕಿಂತ ಒಪ್ಪುವ ತತ್ತ್ವ ಇನ್ನೊಂದಿಲ್ಲ.

ಆದರೆ ಚರಿತ್ರೆಯು ಆ ದಾರಿಯಲ್ಲಿ ನೇರವಾಗಿ ನಡೆಯಲಿಲ್ಲ. ಗುರುತಿಗೆ ಬೆಳಕು ಬೇಕು. ಬೆಳಕಿಗೆ ವಿದ್ಯುತ್ತು ಬೇಕು. 1918ರಲ್ಲಿ ಜರ್ಮನಿಯ ಕೆಲವು ಯುದ್ಧವಿಮಾನಗಳಲ್ಲಿ, ಮುಂದೆ ಎರಡನೆಯ ಮಹಾಯುದ್ಧದ ಹೊತ್ತಿಗೆ ಎಲ್ಲ ಪ್ರಮುಖ ರಾಷ್ಟ್ರಗಳ ವಿಮಾನಗಳಲ್ಲಿ ಈ ಸಾಧನ ನೆಲೆಗೊಂಡಿತು. ಅಲ್ಲಿ ದೀಪವೂ ಇತ್ತು, ಸ್ಥಳವೂ ಇತ್ತು. 1962ರಲ್ಲಿ ನಿಕ್ ಹೊಲೊನ್ಯಾಕ್ ಕೆಂಪು ಬೆಳಕನ್ನು ಬೀರುವ ಅರೆವಾಹಕ ಡಯೋಡನ್ನು ನಿರ್ಮಿಸಿದ ಮೇಲೆ, ಸಾಸುವೆಯಷ್ಟು ಸಣ್ಣ, ಬಿಸಿಯಾಗದ, ಒದೆತಕ್ಕೆ ಒಡೆಯದ ದೀಪವು ದೊರೆಯಿತು. ಸ್ವೀಡನ್ನಿನ ಏಯ್ಮ್‌ಪಾಯಿಂಟ್ ಸಂಸ್ಥೆ 1975ರಲ್ಲಿ ಅದನ್ನು ಬಳಸಿ ಕೆಂಪು ಬಿಂದುವಿನ ಲಕ್ಷ್ಯದರ್ಶಕವನ್ನು ಮಾರುಕಟ್ಟೆಗೆ ತಂದಿತು. ಗ್ರಬ್ಬನ ತತ್ತ್ವಕ್ಕೂ ಕೈಯಲ್ಲಿ ಹಿಡಿಯುವ ಆಯುಧಕ್ಕೂ ನಡುವೆ ಹೀಗೆ ಮುಕ್ಕಾಲು ಶತಮಾನ ಕಳೆಯಿತು.

5

ಇನ್ನು ಜೋಡಣೆಯ ವಿಚಾರ. ಇದರ ಚರಿತ್ರೆಯಲ್ಲಿ ಸಂಶೋಧಕರಿಗಿಂತ ಕಮ್ಮಾರರೂ ತಿರುಪು ಹಾಕುವವರೂ ಹೆಚ್ಚು; ಆದುದರಿಂದಲೇ ಅದು ಅಷ್ಟಾಗಿ ದಾಖಲೆಯಾಗಿಲ್ಲ. 1930ರಲ್ಲಿ ಉದ್ಯಮವನ್ನು ಆರಂಭಿಸಿದ ಅಮೆರಿಕದ ವಿಲಿಯಂ ವೀವರ್ ಅಗ್ಗದ ದೂರದರ್ಶಕಗಳ ಜೊತೆಗೆ, ಅವನ್ನು ಕೂರಿಸಲು ಅಡ್ಡಗಾಡಿಯುಳ್ಳ ಪೀಠಗಳನ್ನೂ ಪ್ರಚಾರಕ್ಕೆ ತಂದನು. ಆ ಪೀಠದ ಕಲ್ಪನೆಯೇ ಮುಂದೆ ಬೆಳೆದು, ಸುಮಾರು 10 ಮಿಲಿಮೀಟರಿಗೊಂದರಂತೆ ಗಾಡಿಗಳಿರುವ ಪಿಕಾಟಿನ್ನಿ ಕಂಬಿಯಾಗಿ 1995ರಲ್ಲಿ ಅಮೆರಿಕದ ಸೈನ್ಯದಿಂದ ಪ್ರಮಾಣೀಕೃತವಾಯಿತು. ರಿವಾಲ್ವರುಗಳಲ್ಲಿ ಹಿಂಗುರುತನ್ನು ಬಿಚ್ಚಿ, ಅದರ ಕೆಳಗಿನ ಪಟ್ಟಿಯಲ್ಲಿ ಕೊರೆದ ತಿರುಪುರಂಧ್ರಗಳಿಗೆ ಇಂತಹ ಪೀಠವನ್ನು ಬಿಗಿಯುವುದು ಇಂದಿನ ರೂಢಿ. 1990ರ ದಶಕದಿಂದ ಈ ರಂಧ್ರಗಳು ಕಾರ್ಖಾನೆಯಿಂದಲೇ ಬರತೊಡಗಿದವು. ಅದಕ್ಕೆ ಮೊದಲು ಕುಶಲಕರ್ಮಿಯೊಬ್ಬನು ಎಚ್ಚರದಿಂದ ಅವನ್ನು ಕೊರೆಯಬೇಕಾಗಿತ್ತು.

ಬಿಗಿಯುವ ಕ್ರಮದಲ್ಲಿಯೂ ಭೌತಶಾಸ್ತ್ರವಿದೆ. ರಿವಾಲ್ವರು ಹಿಂದಕ್ಕೆ ಒದೆಯುವಾಗ ಅದರ ಮೇಲಿನ ಗಾಜು ಜಡತ್ವದಿಂದ ಇದ್ದಲ್ಲಿಯೇ ಇರಬಯಸುತ್ತದೆ. ಎಂದರೆ ಆಯುಧವನ್ನು ಕುರಿತು ಹೇಳುವುದಾದರೆ ಮುಂದಕ್ಕೆ ಜಾರುತ್ತದೆ. ಆದುದರಿಂದ ಬಿಗಿಯುವುದಕ್ಕೆ ಮೊದಲೇ ಸಾಧನವನ್ನು ಮುಂದಕ್ಕೆ ನೂಕಿ, ಅದರ ಅಡ್ಡಕೀಲು ಗಾಡಿಯ ಮುಂದಿನ ಗೋಡೆಗೆ ತಾಗುವಂತೆ ಮಾಡಬೇಕು. ತಿರುಪುಗಳ ಎಣ್ಣೆಯನ್ನು ಒರೆಸಿ, ಅಳತೆ ತೋರಿಸುವ ಕೀಲಿಯಿಂದ ತಯಾರಕರು ಹೇಳಿದಷ್ಟೇ ಬಿಗಿಯಬೇಕು; ಸಡಿಲವಾದರೆ ಕಳಚುತ್ತದೆ, ಅತಿಯಾದರೆ ತೆಳುಪಟ್ಟಿಯ ಮರೆ ಕೆಡುತ್ತದೆ. ಅದುರುವಿಕೆಗೆ ತಿರುಪು ಬಿಚ್ಚದಂತೆ ಬಳಸುವ ಅಂಟನ್ನು ಕಂಡುಹಿಡಿದವನು ಹಾರ್ಟ್‌ಫರ್ಡಿನ ಟ್ರಿನಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ವರ್ನನ್ ಕ್ರೀಬಲ್. ಗಾಳಿ ಇರುವಾಗ ದ್ರವವಾಗಿದ್ದು, ಗಾಳಿಯಿಲ್ಲದ ತಿರುಪಿನ ಎಡೆಯಲ್ಲಿ ಗಟ್ಟಿಯಾಗುವ ಈ ವಸ್ತು 1950ರ ದಶಕದಲ್ಲಿ ಲಾಕ್‌ಟೈಟ್ ಎಂಬ ಹೆಸರಿನಿಂದ ಬಂದಿತು. ರಿವಾಲ್ವರಿನ ಮೇಲೆ ಗಾಜು ನಿಲ್ಲುವುದರಲ್ಲಿ ಮಸೂರತಜ್ಞನಿಗೆ ಎಷ್ಟು ಪಾಲಿದೆಯೋ ಈ ರಸಾಯನಶಾಸ್ತ್ರಜ್ಞನಿಗೂ ಅಷ್ಟೇ ಪಾಲಿದೆಯೆಂದರೆ ಅತಿಶಯೋಕ್ತಿಯಾಗದು.

6

ಸಾಧನ ನಿಂತಿತು. ಆದರೆ ಅದು ತೋರಿಸುವಲ್ಲಿಗೆ ಗುಂಡು ಹೋಗುವುದೇ? ಇದಕ್ಕೆ ಉತ್ತರ ಕೊಡುವ ಕ್ರಿಯೆಯೇ ಶೂನ್ಯನಿರ್ಣಯ.

ಇಲ್ಲಿಯ ಅಳತೆ ನಮಗೆ ಹಳೆಯ ಪರಿಚಯದ್ದು. ಅಂಶದ ಅರುವತ್ತನೆಯ ಒಂದು ಭಾಗವನ್ನು ನಮ್ಮ ಗಣಿತಜ್ಞರು ಕಲೆ ಎಂದು ಕರೆದರು. ಲಕ್ಷ್ಯದರ್ಶಕದ ತಿರುಪು ಒಂದೊಂದು ಹೆಜ್ಜೆಗೂ ಸಾಮಾನ್ಯವಾಗಿ ಒಂದು ಕಲೆಯನ್ನೋ ಅದರ ಭಾಗವನ್ನೋ ಸರಿಯುತ್ತದೆ. ಕ್ರಿ.ಶ. 499ರ ಆರ್ಯಭಟೀಯದ ಜ್ಯಾಪಟ್ಟಿಯಲ್ಲಿ ತ್ರಿಜ್ಯವು 3438 ಕಲೆ. ಹಾಗೆಂದರೆ, 3438 ಮಾನದ ದೂರದಲ್ಲಿ ಒಂದು ಕಲೆಯ ಕೋನವು ಒಂದು ಮಾನದಷ್ಟು ಅಗಲವನ್ನು ವ್ಯಾಪಿಸುತ್ತದೆ. 25 ಮೀಟರನ್ನು 3438ರಿಂದ ಭಾಗಿಸಿದರೆ ಸುಮಾರು 7.3 ಮಿಲಿಮೀಟರು ಬರುತ್ತದೆ. ಆ ದೂರದಲ್ಲಿ ತಿರುಪಿನ ಒಂದು ಹೆಜ್ಜೆಯ ಬೆಲೆ ಅಷ್ಟೇ. ಗುಂಡುಗಳ ಗುಂಪಿನ ಕೇಂದ್ರವು ಗುರಿಯಿಂದ 29 ಮಿಲಿಮೀಟರು ಎಡಕ್ಕೂ 44 ಮಿಲಿಮೀಟರು ಕೆಳಕ್ಕೂ ಇದ್ದರೆ, ನಾಲ್ಕು ಹೆಜ್ಜೆ ಬಲಕ್ಕೆ, ಆರು ಹೆಜ್ಜೆ ಮೇಲಕ್ಕೆ.

ಗುಂಡುಗಳ ಗುಂಪು ಎಂಬ ಮಾತನ್ನು ಗಮನಿಸಬೇಕು. ಒಂದೇ ಗುಂಡನ್ನು ಹಾರಿಸಿ ತಿರುಪನ್ನು ತಿರುಗಿಸುವವನು ಅಕಸ್ಮಾತ್ತಿನ ಬೆನ್ನು ಹತ್ತಿ ಓಡುತ್ತಾನೆ. ಗೌಸನು 1809ರಲ್ಲಿ ಗ್ರಹಗಳ ವೀಕ್ಷಣೆಯನ್ನು ಕುರಿತು ಪ್ರತಿಪಾದಿಸಿದ ದೋಷಸಿದ್ಧಾಂತವು ಗುರಿಹಲಗೆಗೂ ಅನ್ವಯಿಸುತ್ತದೆ: ಐದು ಗುಂಡುಗಳ ಸರಾಸರಿಯಲ್ಲಿ ಉಳಿಯುವ ಅನಿಶ್ಚಯವು ಒಂದೇ ಗುಂಡಿನ ಅನಿಶ್ಚಯದ ಅರ್ಧಕ್ಕಿಂತ ಕಡಮೆ. ಮೊದಲು ಗುಂಪು, ಅನಂತರ ಅದರ ಕೇಂದ್ರ, ಅನಂತರ ತಿದ್ದುಪಡಿ, ಮತ್ತೆ ಇನ್ನೊಂದು ಗುಂಪು. ಈ ಸಾವಧಾನವೇ ಶೂನ್ಯನಿರ್ಣಯದ ಸಾರ.

ಹಾಗೆ ದೊರೆತ ಶೂನ್ಯವು ಎಷ್ಟು ದೂರಕ್ಕೆ ಸತ್ಯ? ಒಂದು ಲೆಕ್ಕವನ್ನು ನೋಡೋಣ. ನಳಿಗೆಯ ಅಕ್ಷದಿಂದ 4 ಸೆಂಟಿಮೀಟರು ಮೇಲೆ ಗಾಜಿದೆ. ಗುಂಡಿನ ವೇಗ ಸೆಕೆಂಡಿಗೆ 235 ಮೀಟರು. 25 ಮೀಟರು ಸಾಗುವಷ್ಟರಲ್ಲಿ ಗುಂಡು ಗುರುತ್ವದಿಂದ ಸುಮಾರು 5.5 ಸೆಂಟಿಮೀಟರು, 50 ಮೀಟರು ಸಾಗುವಷ್ಟರಲ್ಲಿ ಸುಮಾರು 22 ಸೆಂಟಿಮೀಟರು ಇಳಿಯುತ್ತದೆ. 25 ಮೀಟರಿಗೆ ಸರಿಯಾಗಿ ಹೊಂದಿಸಿದ ಈ ರಿವಾಲ್ವರು 50 ಮೀಟರಿನಲ್ಲಿ ಬಿಂದುವಿಗಿಂತ ಸುಮಾರು 7 ಸೆಂಟಿಮೀಟರು ಕೆಳಗೆ ಹೊಡೆಯುತ್ತದೆ. ತೀರ ಹತ್ತಿರದಲ್ಲಿ, ಮೂರು ಮೀಟರಿನಲ್ಲಿ, ಗಾಜು ಎತ್ತರದಲ್ಲಿರುವ ಕಾರಣದಿಂದಲೇ ಸುಮಾರು ಮೂರು ಸೆಂಟಿಮೀಟರು ಕೆಳಗೆ ಹೊಡೆಯುತ್ತದೆ. ಬಿಂದು ಮಾತ್ರ ಮೂರು ಕಡೆಯೂ ಒಂದೇ ನಿಶ್ಚಲತೆಯಿಂದ ಹೊಳೆಯುತ್ತಿರುತ್ತದೆ.

ರಿವಾಲ್ವರಿನಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಗುಂಡು ನಳಿಗೆಯೊಳಗೆ ಇರುವ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಅವಧಿಯಲ್ಲಿಯೇ ಒದೆತದಿಂದ ಮೂತಿ ಮೇಲೇಳಲು ತೊಡಗುತ್ತದೆ. ಭಾರವಾದ ನಿಧಾನದ ಗುಂಡು ಒಳಗೆ ಹೆಚ್ಚು ಹೊತ್ತು ಇರುವುದರಿಂದ, ಹತ್ತಿರದ ದೂರಗಳಲ್ಲಿ ಅದು ಹಗುರವಾದ ವೇಗದ ಗುಂಡಿಗಿಂತ ಮೇಲೆ ಬೀಳುತ್ತದೆ. ಬಿಗಿಯಾಗಿ ಹಿಡಿದವನ ಗುಂಡು ಒಂದೆಡೆ, ಸಡಿಲವಾಗಿ ಹಿಡಿದವನ ಗುಂಡು ಇನ್ನೊಂದೆಡೆ. ನಳಿಗೆಯನ್ನು ಗಟ್ಟಿ ವಸ್ತುವಿನ ಮೇಲೆ ಊರಿ ಹೊಂದಿಸಿದ ಶೂನ್ಯವು ಬರಿಗೈಯಲ್ಲಿ ಹಿಡಿದಾಗ ನಿಲ್ಲದು. ಆದುದರಿಂದಲೇ ಮರಳಿನ ಚೀಲದ ಮೇಲೆ ನಳಿಗೆಯನ್ನಿಡದೆ ಮಣಿಕಟ್ಟನ್ನಿಡಬೇಕೆಂದು ಅನುಭವಿಗಳು ವಿಧಿಸುತ್ತಾರೆ. ಶೂನ್ಯವು ಗಾಜಿನ ಗುಣವಲ್ಲ. ಅದು ಗಾಜು, ತೋಟಾ, ಕೈ ಈ ಮೂರರ ನಡುವಣ ಒಪ್ಪಂದ. ಒಬ್ಬರು ಬದಲಾದರೂ ಒಪ್ಪಂದ ಮುರಿಯುತ್ತದೆ.

7

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ರಿವಾಲ್ವರು ಹತ್ತಿರದ ಆಯುಧ. ಅದರಲ್ಲಿ ಏಳು ಸೆಂಟಿಮೀಟರಿನ ಲೆಕ್ಕವೇಕೆ? ಕಬ್ಬಿಣದ ಗುರುತಿನ ಕಾಲದಲ್ಲಿ ಈ ಮಾತು ಸಲ್ಲುತ್ತಿತ್ತು. ಆಗ ಮಸುಕಾದ ಗುರುತೇ ಗುರಿಕಾರನಿಗೆ ಅವನ ಮಿತಿಯನ್ನು ನೆನಪಿಸುತ್ತಿತ್ತು. ದೂರದ ಮೃಗಕ್ಕೆ ಗುಂಡು ಹಾರಿಸಲು ಅವನು ಹಿಂಜರಿಯುತ್ತಿದ್ದನು. ಸ್ಪಷ್ಟವಾದ ಬಿಂದು ಆ ಹಿಂಜರಿಕೆಯನ್ನು ತೆಗೆದುಹಾಕಿತು. ಹಾಗಾದ ಮೇಲೆ, ಬಿಂದು ಹೇಳುವುದಕ್ಕೂ ಗುಂಡು ಮಾಡುವುದಕ್ಕೂ ಇರುವ ಅಂತರದ ಬೆಲೆಯನ್ನು ಗಾಯಗೊಂಡು ಕಾಡಿನೊಳಗೆ ಓಡಿದ ಪ್ರಾಣಿಯೋ, ಗುರಿಯ ಆಚೆ ನಿಂತಿದ್ದ ನಿರಪರಾಧಿಯೋ ತೆರಬೇಕಾಗುತ್ತದೆ. ಸಾಧನದ ಸ್ಪಷ್ಟತೆ ಹೆಚ್ಚಿದಷ್ಟೂ ಅದನ್ನು ಪರೀಕ್ಷಿಸುವ ಹೊಣೆ ಹೆಚ್ಚುತ್ತದೆಂಬುದು ಈ ಚರಿತ್ರೆಯ ಪಾಠ. ದೂರದರ್ಶಕ, ಸೂಕ್ಷ್ಮದರ್ಶಕ, ತಕ್ಕಡಿಗಳನ್ನು ಬಳಸುವ ಪ್ರಯೋಗಶಾಲೆಗಳಿಗೂ ಈ ಪಾಠ ಹೊರತಲ್ಲ.

ತಂತ್ರವಿದ್ಯೆಯ ಚರಿತ್ರೆಯನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಹಕ್ಕುಪತ್ರಗಳನ್ನೂ ಮಸೂರಗಳ ಚಿತ್ರಗಳನ್ನೂ ಓದುವುದರ ಜೊತೆಗೆ ಪೀಠಗಳನ್ನೂ ತಿರುಪುಗಳನ್ನೂ ಗುರಿಹಲಗೆಗಳನ್ನೂ ಸಾಕ್ಷ್ಯವಾಗಿ ಪರಿಗಣಿಸಬೇಕು. ಹಳೆಯ ಗುರಿಹಲಗೆಯೊಂದರ ಮೂಲೆಯಲ್ಲಿ ಯಾರೋ ಪೆನ್ಸಿಲಿನಿಂದ ದೂರ, ತೋಟಾದ ಬಗೆ, ದಿನಾಂಕ, ತಿರುಪಿನ ಹೆಜ್ಜೆಗಳನ್ನು ಬರೆದಿಟ್ಟಿದ್ದರೆ, ಆ ನಾಲ್ಕು ಮಾತುಗಳಲ್ಲಿ ಸಾಧನವೊಂದರ ನಿಜವಾದ ಸಾಮರ್ಥ್ಯ ದಾಖಲಾಗಿರುತ್ತದೆ. ಅವಿಲ್ಲದೆ ಹೋದರೆ, ಶೂನ್ಯ ಸರಿಯಾಗಿದೆ ಎಂಬ ಹೇಳಿಕೆಗೆ ಅರ್ಥವಿಲ್ಲ.